ರಿಪೇರಿಗೆ ಹೋದ ರಿವಾಲ್ವರ್

ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿರುವವಳು ನಾನು. ಕೈಗೆ ಸಿಕ್ಕ ಕಾಗದವನ್ನು ಓದದೆ ಬಿಡುವುದು ನನ್ನಿಂದಾಗದು. ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣವನ್ನೂ ಬಿಡಿಸಿ ಓದುತ್ತೇನೆ. ಲಗ್ನಪತ್ರಿಕೆ ಬಂದರೆ ಮುಹೂರ್ತ ನೋಡುವುದಕ್ಕಿಂತ ಮೊದಲು ಒತ್ತಕ್ಷರದ ತಪ್ಪು ಹುಡುಕುತ್ತೇನೆಂದು ಮನೆಯವರು ಹಾಸ್ಯ ಮಾಡುತ್ತಾರೆ. ಆ ಅಭ್ಯಾಸವೇ ಈಗ ನನ್ನಿಂದ ಒಂದು ವಿಮರ್ಶೆ ಬರೆಸುತ್ತಿದೆ. ಕಾದಂಬರಿಯ ವಿಮರ್ಶೆಯಲ್ಲ, ಕವನ ಸಂಕಲನದ್ದೂ ಅಲ್ಲ. ಒಂದು ಹೊಸ ರಿವಾಲ್ವರಿನ ಜೊತೆ ಬಂದ ವಾರಂಟಿ ಕಾಗದದ ವಿಮರ್ಶೆ. ನಗಬೇಡಿ. ಕೃತಿ ಅರ್ಧ ಪುಟದ್ದಾದರೂ ನನ್ನನ್ನು ಅದು ಕಾಡಿದಷ್ಟು ಈಚಿನ ಯಾವ ಪುಸ್ತಕವೂ ಕಾಡಿಲ್ಲ.

2025ರ ಬೇಸಿಗೆ ರಜೆಯಲ್ಲಿ ನಾನು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಡಲ್ಲಾಸ್ ನಗರದ ಹೊರವಲಯದಲ್ಲಿ ಮನೆ. ಮಗಳು, ಅಳಿಯಂದಿರು, ಐದು ವರ್ಷದ ಮೊಮ್ಮಗ. ಹೋದ ಮೂರನೆಯ ದಿನ ಮಗಳು, "ಅಮ್ಮಾ, ನಮ್ಮ ರೂಮಿನ ಕಪಾಟಿನ ಮೇಲಿನ ಅರೆಯಲ್ಲಿ ಒಂದು ವಸ್ತು ಇದೆ. ನೀನು ಮುಟ್ಟಬೇಡ" ಎಂದಳು. ಮಗುವಿನ ಕಣ್ಣು ತಪ್ಪಿಸಿ ಏನೋ ತಿಂಡಿ ಇಟ್ಟಿರಬೇಕೆಂದುಕೊಂಡೆ. "ರಿವಾಲ್ವರ್ ಅಮ್ಮಾ" ಎಂದಳು, ಉಪ್ಪಿನ ಡಬ್ಬಿ ಎಂದಷ್ಟೇ ಸಹಜವಾಗಿ.

ಕೋವಿಯೆಂದರೆ ಹೌಹಾರುವ ಮನೆತನವೇನೂ ನಮ್ಮದಲ್ಲ. ಸಾಗರದ ಕಡೆಯ ಅಡಿಕೆ ತೋಟದ ಮನೆ. ಮಂಗ, ಕಾಡುಹಂದಿ ಓಡಿಸಲು ಮಾವನವರ ಕಾಲದ ತೋಟೆಕೋವಿ ಒಂದಿದೆ. ಅದಕ್ಕೊಂದು ಲೈಸೆನ್ಸು. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಗೆ ಒಯ್ದು ಠೇವಣಿ ಇಟ್ಟು ರಸೀದಿ ತರಬೇಕು. 2024ರ ಲೋಕಸಭಾ ಚುನಾವಣೆಯಲ್ಲೂ ಹಾಗೇ ಆಯಿತು. ಮಂಗಗಳಿಗೆ ಮಾತ್ರ ನೀತಿಸಂಹಿತೆ ಅನ್ವಯಿಸುವುದಿಲ್ಲವಾಗಿ ಅವು ಬಾಳೆಗೊನೆಗಳನ್ನು ನಿಶ್ಚಿಂತೆಯಿಂದ ಮುಗಿಸಿದವು. ನಮ್ಮ ದೇಶದ 1959ರ ಆಯುಧ ಕಾನೂನಿನಲ್ಲಿ ಬಂದೂಕು ಇಟ್ಟುಕೊಳ್ಳಲು ಮಾತ್ರವಲ್ಲ, ಅದನ್ನು ರಿಪೇರಿ ಮಾಡುವ ಅಂಗಡಿಯವನಿಗೂ ಲೈಸೆನ್ಸು ಬೇಕು. ಅಂಥ ಊರಿನಿಂದ ಹೋದವಳಿಗೆ ಮಗಳ ಮಾತು ವಿಚಿತ್ರವಾಗಿ ಕೇಳಿಸಿದ್ದು ಸಹಜ. ನಮ್ಮ ಕೋವಿ ಮಂಗನಿಗಾಗಿ ಇದ್ದದ್ದು. ಇವರದು ಮನುಷ್ಯನಿಗಾಗಿ.

ಕಾರಣ ಕೇಳಿದೆ. ಹಿಂದಿನ ಚಳಿಗಾಲದಲ್ಲಿ ಎರಡು ಮನೆಯಾಚೆ ಹಾಡುಹಗಲೇ ಕಳ್ಳರು ನುಗ್ಗಿದ್ದರಂತೆ. ಅಳಿಯಂದಿರು ಕೆಲಸದ ಮೇಲೆ ತಿಂಗಳಿಗೆ ಹತ್ತು ದಿನ ಪರಸ್ಥಳದಲ್ಲಿರುತ್ತಾರೆ. ಟೆಕ್ಸಾಸಿನಲ್ಲಿ ರಿವಾಲ್ವರ್ ಕೊಳ್ಳಲು ಲೈಸೆನ್ಸು ಬೇಡ. ಅಂಗಡಿಯಲ್ಲಿ ಒಂದು ಫಾರಂ ತುಂಬಬೇಕು, ಅಂಗಡಿಯವನು ಕೇಂದ್ರ ಸರಕಾರದ ದಾಖಲೆಯಲ್ಲಿ ಹೆಸರು ಪರಿಶೀಲಿಸಬೇಕು, ಅಷ್ಟೆ. ಅಳಿಯಂದಿರು ಅಲ್ಲಿಯ ಕಾಯಂ ನಿವಾಸಿಗಳಾದ್ದರಿಂದ ಅಡ್ಡಿಯಾಗಲಿಲ್ಲ. ನಾನು ಹೋಗುವ ಮೂರು ವಾರ ಮೊದಲು ಅದು ಮನೆಗೆ ಬಂದಿತ್ತು.

ಎರಡನೆಯ ಶನಿವಾರ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ ಹೊರಟರು. ಮಗುವನ್ನು ಗೆಳತಿಯ ಮನೆಯಲ್ಲಿ ಬಿಟ್ಟು ನನ್ನನ್ನೂ ಕರೆದೊಯ್ದರು. ನಾನು ದಪ್ಪ ಗಾಜಿನಾಚೆ ಕುಳಿತೆ. ಅಳಿಯಂದಿರು ಐದು ಗುಂಡು ಹಾರಿಸಿದರು. ಆಮೇಲೆ ಮಗಳ ಸರದಿ. ಎರಡು ಗುಂಡು ಹಾರಿದವು. ಮೂರನೆಯದಕ್ಕೆ ಕುದುರೆ ಎಳೆದರೆ ಅದು ಅಲುಗಲಿಲ್ಲ. ಗುಂಡು ತುಂಬುವ ಉರುಳೆ ಅತ್ತ ತಿರುಗದು, ಇತ್ತ ಹೊರಗೂ ಬಾರದು. ಮಗಳ ಭುಜ ನಡುಗುತ್ತಿದ್ದುದು ಗಾಜಿನಾಚೆಯಿಂದಲೇ ನನಗೆ ಕಾಣುತ್ತಿತ್ತು. ಉಸ್ತುವಾರಿಯವನು ಬಂದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಹಾಗೇ ನಿಲ್ಲು ಎಂದ. ಅರ್ಧ ನಿಮಿಷ ಕಳೆದ ಮೇಲೆ ತಾನೇ ತೆಗೆದುಕೊಂಡು, ಬಹಳ ಹೊತ್ತು ಒದ್ದಾಡಿ ಅದನ್ನು ಬಿಡಿಸಿದ. ಒಳಗೆ ಎರಡು ಖಾಲಿ ತೋಟೆ, ಮೂರು ಜೀವಂತ.

ಕಾರಿನಲ್ಲಿ ಬರುವಾಗ ಮಗಳು ಕೇಳಿದಳು, "ಇದು ರಾತ್ರಿ ಎರಡು ಗಂಟೆಗೆ ಆಗಿದ್ದರೆ?"

ಅಳಿಯಂದಿರು, "ಹೊಸದು ತಾನೇ, ವಾರಂಟಿ ಇದೆ. ಕಳಿಸಿದರಾಯಿತು" ಎಂದರು.

ಗಮನಿಸಿ, ಇವು ಎರಡು ಬೇರೆ ಬೇರೆ ಮಾತು. ಮಗಳದ್ದು ಪ್ರಶ್ನೆ, ಅಳಿಯಂದಿರದ್ದು ಉತ್ತರ. ಆದರೆ ಆ ಉತ್ತರ ಆ ಪ್ರಶ್ನೆಗಲ್ಲ. ಮನೆಗೆ ಬಂದವಳೇ ನಾನು ರಿವಾಲ್ವರಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಕೇಳಿ ಪಡೆದು, ಕನ್ನಡಕ ಹಾಕಿಕೊಂಡು ಓದಲು ಕುಳಿತೆ.

ಮೊದಲು ಗುಣವನ್ನು ಹೇಳುತ್ತೇನೆ. ಬರವಣಿಗೆ ಸ್ವಚ್ಛವಾಗಿದೆ. ವಾಕ್ಯಗಳು ಚಿಕ್ಕವು. ಒಂದು ವಾಕ್ಯಕ್ಕೆ ಎರಡು ಅರ್ಥವಿಲ್ಲ. ಗುಂಡು ತುಂಬಿದೆಯೆಂದೇ ಸದಾ ಭಾವಿಸು, ಹೊಡೆಯಬಾರದ್ದರ ಕಡೆ ನಳಿಗೆ ತಿರುಗಿಸಬೇಡ, ಗುಂಡು ಹಾರಿಸುವ ಗಳಿಗೆಯವರೆಗೆ ಬೆರಳನ್ನು ಕುದುರೆಯ ಮೇಲಿಡಬೇಡ ಎಂಬ ಎಚ್ಚರಿಕೆಗಳು ಮತ್ತೆ ಮತ್ತೆ ಬರುತ್ತವೆ. ಪುನರುಕ್ತಿ ದೋಷವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಇಲ್ಲಿ ಅದು ಗುಣ. ನಮ್ಮ ಪಠ್ಯಪುಸ್ತಕ ಬರೆಯುವವರು ಈ ಗದ್ಯವನ್ನೊಮ್ಮೆ ನೋಡಿದರೆ ನಷ್ಟವಿಲ್ಲ.

ವಾರಂಟಿ ಇರುವುದು ಕೊನೆಯಲ್ಲಿ, ಅರ್ಧ ಪುಟ. ತಲೆಬರಹ, ಜೀವಮಾನದ ಸೀಮಿತ ವಾರಂಟಿ. ನನ್ನ ಪೆನ್ನು ಅಲ್ಲೇ ನಿಂತಿತು. 'ಜೀವಮಾನದ' ಎಂಬುದು ಷಷ್ಠೀ ವಿಭಕ್ತಿ ಸರಿ, ಆದರೆ ಯಾರ ಜೀವಮಾನ? ಕೊಂಡವರದೋ, ರಿವಾಲ್ವರಿನದೋ, ಅದರ ಎದುರು ನಿಂತವನದೋ? ಕೆಳಗೆ ಓದಿದರೆ ಮೊದಲು ಕೊಂಡವರದೆಂದು ತಿಳಿಯುತ್ತದೆ. ಇನ್ನು 'ಸೀಮಿತ'. ಗ್ರಾಹಕರಿಗೆ ಕೊಡುವ ವಾರಂಟಿ ಸಂಪೂರ್ಣವೋ ಸೀಮಿತವೋ ಎಂದು ಬಾಯಿಬಿಟ್ಟು ಹೇಳಬೇಕು, ಅದೂ ಸರಳ ಭಾಷೆಯಲ್ಲಿ ಹೇಳಬೇಕು ಎಂದು ಅಮೆರಿಕದಲ್ಲಿ 1975ರಲ್ಲಿ ಕಾನೂನು ಬಂತು. ಆದ್ದರಿಂದ ಈ ಶಬ್ದ ಪ್ರಾಮಾಣಿಕವಾದದ್ದು. ಲೋಹದಲ್ಲಿ ಅಥವಾ ಕೆಲಸಗಾರಿಕೆಯಲ್ಲಿ ದೋಷವಿದ್ದರೆ ಕಂಪನಿ ತನ್ನ ಖರ್ಚಿನಲ್ಲಿ ಸರಿಪಡಿಸುತ್ತದೆ, ಇಲ್ಲವೇ ಬದಲಿ ಕೊಡುತ್ತದೆ. ಮನೆಯಲ್ಲಿ ಮದ್ದು ತುಂಬಿದ ತೋಟೆ ಬಳಸಿದರೆ, ಬಿಚ್ಚಿ ಏನಾದರೂ ಮಾರ್ಪಡಿಸಿದರೆ ಜವಾಬ್ದಾರಿಯಿಲ್ಲ. ಕೊನೆಯ ವಾಕ್ಯ, ದೋಷದಿಂದ ಉಂಟಾಗುವ ಇತರ ಯಾವ ಪರಿಣಾಮಕ್ಕೂ ತಾನು ಹೊಣೆಯಲ್ಲ ಎಂಬರ್ಥದ್ದು.

ರಾತ್ರಿ ಎರಡು ಗಂಟೆ ಈ ಕೊನೆಯ ವಾಕ್ಯದೊಳಗೆ ಕುಳಿತಿದೆ.

ಹಾಗೆಂದು ಕಂಪನಿಯನ್ನು ಬೈಯಲು ನನಗೆ ಬಾಯಿಯಿಲ್ಲ. ಅಳಿಯಂದಿರು ಫೋನು ಮಾಡಿದರು. ಅವರು ರಸೀದಿ ಕೇಳಲಿಲ್ಲ, ಅಂಗಡಿಯ ಮೊಹರು ಕೇಳಲಿಲ್ಲ. ಮರುದಿನವೇ ಪಾರ್ಸೆಲಿಗೆ ಅಂಟಿಸುವ ಚೀಟಿ ಕಳಿಸಿದರು, ಸಾಗಣೆಯ ಹಣ ಅವರದೇ. ಸಾಮಾನ್ಯ ಜನ ರಿವಾಲ್ವರಿನಂಥವನ್ನು ಸರಕಾರಿ ಅಂಚೆಗೆ ಹಾಕಬಾರದೆಂದು ಅಲ್ಲಿ 1927ರಲ್ಲೇ ಕಾನೂನು ಬಂದಿತ್ತು. ಆದ್ದರಿಂದ ಖಾಸಗಿ ಕೊರಿಯರಿನವನೇ ಬಂದು ಒಯ್ದ. ನನಗೆ ನಮ್ಮ ಮನೆಯ ಮಿಕ್ಸರ್ ನೆನಪಾಯಿತು. ಕೊಂಡ ಎರಡನೆಯ ತಿಂಗಳಲ್ಲೇ ಜಾರಿನ ತಳ ಸೋರತೊಡಗಿತು. ಕಾರ್ಡಿನ ಮೇಲೆ ಸೀಲಿಲ್ಲವೆಂದು ಅಂಗಡಿಯವರು ಕೈಯಾಡಿಸಿದರು. ಶಿವಮೊಗ್ಗಕ್ಕೆ ಮೂರು ಸಲ ಬಸ್ಸಿನಲ್ಲಿ ಜಾರು ಹೊತ್ತು ಅಲೆದು, ಕೊನೆಗೆ ನನ್ನ ದುಡ್ಡಿನಲ್ಲೇ ವಾಷರ್ ಹಾಕಿಸಿದೆ. ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1986ರಿಂದಲೇ ಗ್ರಾಹಕರ ಕಾನೂನು ಇತ್ತು. 2019ರ ಹೊಸ ಕಾನೂನು 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪನಿ ಎಲ್ಲಿಯದಾದರೂ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ನಾವು ಕೊಡುವುದಿಲ್ಲ, ಅಷ್ಟೆ. ನಾನೂ ಕೊಡಲಿಲ್ಲ.

ಆದರೆ ಒಂದು ಸಂಗತಿ ನನ್ನನ್ನು ದಂಗುಬಡಿಸಿತು. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆಂದೇ ಒಂದು ಆಯೋಗವಿದೆ. 1972ರ ಕಾನೂನಿನಿಂದ ಹುಟ್ಟಿದ್ದು. ಗೊಂಬೆಯ ಕಣ್ಣು ಕಿತ್ತುಬಂದು ಮಗುವಿನ ಗಂಟಲಿಗೆ ಸಿಕ್ಕುವಂತಿದ್ದರೆ, ತೊಟ್ಟಿಲಿನ ಸರಳು ಸಡಿಲವಿದ್ದರೆ, ರೊಟ್ಟಿ ಸುಡುವ ಯಂತ್ರ ಬೆಂಕಿ ಹಿಡಿಯುವಂತಿದ್ದರೆ ಮಾಲನ್ನು ಮಾರುಕಟ್ಟೆಯಿಂದ ವಾಪಸು ಪಡೆಯುವಂತೆ ಅದು ಮಾಡಬಲ್ಲದು. ಆದರೆ ಬಂದೂಕು ಅದರ ವ್ಯಾಪ್ತಿಯಲ್ಲಿಲ್ಲ. ಮೊದಲ ಕಾನೂನಿನಲ್ಲೇ ಹೊರಗಿಟ್ಟಿದ್ದರು, 1976ರಲ್ಲಿ ಬಂದೂಕು ಮತ್ತು ಗುಂಡುಗಳ ತಂಟೆಗೆ ಹೋಗಬಾರದೆಂದು ಇನ್ನಷ್ಟು ಬಿಗಿ ಮಾಡಿದರು. ಅಂದರೆ ಮೊಮ್ಮಗನ ಆಟಿಕೆಯ ಪಿಸ್ತೂಲಿನಲ್ಲಿ ದೋಷವಿದ್ದರೆ ಕೇಳಲು ಸರಕಾರವಿದೆ. ಕಪಾಟಿನ ಮೇಲಿದ್ದ ನಿಜವಾದದ್ದರ ದೋಷಕ್ಕೆ ಮಾಲು ವಾಪಸು ತೆಗೆದುಕೊಳ್ಳಿ ಎನ್ನುವ ಅಧಿಕಾರ ಆ ಆಯೋಗಕ್ಕಿಲ್ಲ. ತಯಾರಿಕೆಯ ದೋಷದಿಂದ ಹಾನಿಯಾದ ಮೇಲೆ ಕೋರ್ಟಿಗೆ ಹೋಗಬಹುದು, ಅದು ಬೇರೆ ಮಾತು. ಹಾನಿಗೆ ಮೊದಲು ಇರುವುದು ಆ ಅರ್ಧ ಪುಟವೇ. ಅದನ್ನು ಅಷ್ಟು ಗಂಭೀರವಾಗಿ ಓದಬೇಕಾದದ್ದು ಇದರಿಂದಲೇ.

ರಿವಾಲ್ವರ್ ಹೋದ ಮರುವಾರ ಅಳಿಯಂದಿರೂ ಪ್ರಯಾಣ ಹೊರಟರು. ಒಂದು ರಾತ್ರಿ ಒಂದೂವರೆಯ ಹೊತ್ತಿಗೆ ನೀರು ಕುಡಿಯಲು ಎದ್ದರೆ ಮಗಳು ಹಾಲಿನಲ್ಲಿ ದೀಪ ಹಾಕಿಕೊಂಡು ಕುಳಿತಿದ್ದಳು.

"ಯಾಕೇ ಪುಟ್ಟಿ, ಮೈ ಸರಿಯಿಲ್ಲವಾ?"

"ನಿದ್ದೆ ಬರ್ತಾ ಇಲ್ಲಮ್ಮ. ಅದು ಮನೇಲಿಲ್ಲ ಅಂತ ಒಂಥರಾ."

"ಅದು ಬರೋದಕ್ಕೆ ಮುಂಚೆ ನಾಲ್ಕು ವರ್ಷ ಇದೇ ಮನೇಲಿದ್ದೆಯಲ್ಲೇ? ಚೆನ್ನಾಗಿ ಮಲಗ್ತಿದ್ದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಅದು ಬೇಕು ಅಂತ ಗೊತ್ತಿರಲಿಲ್ಲ" ಎಂದಳು.

ನಾನು ಬುದ್ಧಿ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಮನೆಯವರು ಬೇರೆ ಊರಿಗೆ ಹೋದ ರಾತ್ರಿ ನಾನೂ ತಲೆದಿಂಬಿನ ಪಕ್ಕ ಕತ್ತಿಯಿಟ್ಟುಕೊಂಡು ಮಲಗುವವಳೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅದನ್ನು ಎತ್ತಿಲ್ಲ. ಆದರೆ ಇಡದಿದ್ದರೆ ನಿದ್ದೆಯಿಲ್ಲ. ಮಗಳಿಗೆ ಹೇಳುವ ಹಕ್ಕು ನನಗೆಲ್ಲಿಂದ ಬಂತು? ಆ ರಾತ್ರಿ ಇಬ್ಬರೂ ಚಹಾ ಮಾಡಿಕೊಂಡು ಕುಡಿದೆವು. ಬೆಳಗ್ಗೆ ಎದ್ದು ಮನೆಯ ಸುತ್ತ ಒಂದು ಸುತ್ತು ಬಂದೆವು. ಹಿಂಬಾಗಿಲಿನ ಅಗುಳಿ ತಿಂಗಳುಗಳಿಂದ ಅಲ್ಲಾಡುತ್ತಿತ್ತಂತೆ. ಎರಡು ಉದ್ದನೆಯ ಸ್ಕ್ರೂ ತಂದು ಅದನ್ನು ಭದ್ರಪಡಿಸಿದೆವು. ಹಿತ್ತಲಿನ ದೀಪಕ್ಕೆ ಹೊಸ ಬಲ್ಬು ಬಂತು. ಪಕ್ಕದ ಮನೆಯ ಅಜ್ಜಿಯ ಫೋನ್ ನಂಬರನ್ನು ನಾಲ್ಕು ವರ್ಷದಲ್ಲಿ ಮೊದಲ ಸಲ ಮಗಳು ಬರೆದುಕೊಂಡಳು. ಅವಳಿಗೆ ಆ ರಾತ್ರಿಯೇ ನಿದ್ದೆ ಬಂತೆಂದು ನಾನು ಹೇಳಲಾರೆ. ನಾಲ್ಕೈದು ದಿನದ ಮೇಲೆ ಬಂತು.

ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಕರೆಗಂಟೆ ಬಾರಿಸಿತು. ನಾನು, ಮೊಮ್ಮಗ ಇಬ್ಬರೇ. ಬಾಗಿಲಲ್ಲಿ ಕೊರಿಯರಿನವನು, ಕೈಯಲ್ಲಿ ಪೆಟ್ಟಿಗೆ, ದೊಡ್ಡವರ ಸಹಿ ಬೇಕೆಂದ. ಸಂದರ್ಶಕರ ವೀಸಾದಲ್ಲಿ ಹೋದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧ. ಅದು ಬಂದರೆ ನೀನು ತೆಗೆದುಕೊಳ್ಳಬೇಡ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ಐವತ್ತಾರು ವರ್ಷದ, ತಲೆ ನರೆತ, ಸೀರೆಯುಟ್ಟ ನಾನು "ನೋ ಸೈನ್, ಟುಮಾರೋ, ಡಾಟರ್" ಎಂದೆ. ದೊಡ್ಡವಳೆಂದು ಅವನಿಗೆ ಸಂಶಯವಿರಲಿಲ್ಲ, ಆದರೂ ನಕ್ಕು ಹೋದ. "ಅಜ್ಜಿ, ಆ ಬಾಕ್ಸಲ್ಲಿ ಏನು?" ಎಂದು ಮೊಮ್ಮಗ ಕೇಳಿದ. ಅಮ್ಮನನ್ನು ಕೇಳು ಎಂದು ಜಾರಿಕೊಂಡೆ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಮರುದಿನ ಪೆಟ್ಟಿಗೆ ಬಂತು. ಜೊತೆಗೆ ಒಂದು ಚೀಟಿ. ಇದು ನಮ್ಮ ಲೇಖಕರ ಎರಡನೆಯ ಕೃತಿ, ನಾಲ್ಕೇ ಸಾಲು. ಖಾಲಿ ತೋಟೆಗಳನ್ನು ಹೊರದಬ್ಬುವ ಸಣ್ಣ ಸರಳಿನ ತಿರುಪು ಸಡಿಲಗೊಂಡು ಅದು ಮುಂದೆ ಬಂದು ಉರುಳೆಯನ್ನು ಹಿಡಿದಿಟ್ಟಿತ್ತು. ಬಿಗಿ ಮಾಡಲಾಗಿದೆ. ಸವೆದ ಒಂದು ಭಾಗ ಬದಲಿಸಲಾಗಿದೆ. ಗುಂಡು ಹಾರಿಸಿ ಪರೀಕ್ಷಿಸಲಾಗಿದೆ. ಅಷ್ಟೆ. ಒಂದು ತಿರುಪು! ಮಗಳ ಧೈರ್ಯವೆಲ್ಲ ಆ ತಿರುಪಿನ ಮೇಲೆ ನಿಂತಿತ್ತು. ಹಿಂಬಾಗಿಲ ಅಗುಳಿಯಲ್ಲಿ ಸಡಿಲವಾಗಿದ್ದದ್ದೂ ತಿರುಪೇ.

ಈ ಎರಡು ಕೃತಿಗಳಿಗೆ ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ಭಾಷೆಗೆ, ಮಾತಿಗೆ ತಪ್ಪದ್ದಕ್ಕೆ, ತನ್ನ ಮಿತಿಯನ್ನು ಹೇಳಿಕೊಂಡದ್ದಕ್ಕೆ. ಕಳೆದ ಮೂರು ಅಂಕ ಯಾಕೆಂದರೆ, ಅಂದು ಅದನ್ನು ಹಿಡಿದಿದ್ದವಳು ಯಾರು, ಅವಳಿಗೇನಾಯಿತು ಎಂಬುದು ಎಲ್ಲಿಯೂ ಇಲ್ಲ. ಕ್ಷಮಿಸಿ ಎಂಬ ಒಂದು ಶಬ್ದವಿಲ್ಲ. ವಸ್ತುವಿನ ಕಥೆ ಪೂರ್ತಿಯಿದೆ, ಮನುಷ್ಯರ ಕಥೆ ಬಿಟ್ಟುಹೋಗಿದೆ.

ನಮ್ಮ ದೇಶದಲ್ಲೂ ಇಂಥದ್ದೊಂದು ಕೃತಿ ಬಂದಿತ್ತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಹುಡುಗಿಯ ಮೇಲಾದ ಘೋರವನ್ನು ಯಾವ ಹೆಣ್ಣೂ ಮರೆತಿಲ್ಲ. 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಹೆಂಗಸರಿಗೆಂದು ಒಂದು ರಿವಾಲ್ವರ್ ತಂದಿತು. ಹೆಸರು 'ನಿರ್ಭೀಕ್'. ತೂಕ ಸುಮಾರು 500 ಗ್ರಾಂ, ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಗೂ ಮೇಲೆ. ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಆ ರಿವಾಲ್ವರಿನ ಗುಣಾವಗುಣ ನನ್ನ ವಿಷಯವಲ್ಲ. ಅದರ ಹೆಸರು ಮತ್ತು ಪೆಟ್ಟಿಗೆ ನನ್ನ ವಿಷಯ. ಅಮೆರಿಕದ ಕಾಗದ ಲೋಹಕ್ಕೆ ಮಾತ್ರ ಭರವಸೆ ಕೊಟ್ಟಿತು. ನಮ್ಮದು ಹೆಸರಿನಲ್ಲೇ ನಿರ್ಭಯತೆಯ ಭರವಸೆ ಕೊಟ್ಟಿತು. ಬಸ್ಸಿಗೆ ಕಾಯುವ ನನ್ನ ಹತ್ತನೆಯ ತರಗತಿಯ ಹುಡುಗಿಗೆ ಲಕ್ಷದ ಪೆಟ್ಟಿಗೆ ಎಲ್ಲಿಂದ ಬರಬೇಕು? ಅವಳಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಉರಿಯುವ ಬೀದಿದೀಪ, ದೂರು ಬರೆದುಕೊಳ್ಳುವ ಠಾಣೆ. ಇವು ಕೆಟ್ಟರೆ ಯಾವ ವಾರಂಟಿಯೂ ಇಲ್ಲ.

ಮೊಮ್ಮಗನ ಪ್ರಶ್ನೆಗೆ ಬರುತ್ತೇನೆ. ಮಾರುವಾಗ ಬೀಗ ಅಥವಾ ಭದ್ರವಾಗಿಡುವ ಸಾಧನವನ್ನು ಜೊತೆಗೆ ಕೊಡಲೇಬೇಕೆಂದು ಅಲ್ಲಿಯ 2005ರ ಕಾನೂನು. ಆ ಬೀಗ ಪ್ಲಾಸ್ಟಿಕ್ ಹೊದಿಕೆ ಸಹ ಬಿಚ್ಚದೆ ಅಂಗಡಿಯ ಚೀಲದಲ್ಲೇ ಬಿದ್ದಿತ್ತು. ಹದಿನೇಳು ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಗುಂಡು ತುಂಬಿದ ಬಂದೂಕು ಇಡುವುದು ಟೆಕ್ಸಾಸಿನಲ್ಲೂ ಅಪರಾಧ. ಮೇಲಿನ ಅರೆ ಎಟುಕುವುದಿಲ್ಲವೆಂದು ಇವರ ನಂಬಿಕೆ. ಕುರ್ಚಿ ಎಳೆದುಕೊಂಡು ಅವನು ಬಿಸ್ಕತ್ತಿನ ಡಬ್ಬಿ ಇಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. 2020ರಲ್ಲಿ ಅಮೆರಿಕದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದವರ ಸಾವಿಗೆ ಮೊದಲನೆಯ ಕಾರಣ ಬಂದೂಕೇ ಆಯಿತು, ವಾಹನ ಅಪಘಾತವನ್ನೂ ಮೀರಿ. ಗುಂಡು ತೆಗೆದು, ಬೀಗ ಹಾಕಿ, ಗುಂಡನ್ನು ಬೇರೆ ಕಡೆ ಬೀಗದಲ್ಲಿಡಿ ಎಂದು ಅಲ್ಲಿಯ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ.

ಊಟದ ಮೇಜಿನ ಮೇಲೆ ಈ ಮಾತು ತೆಗೆದೆ. "ಹಾಗಿಟ್ಟರೆ ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರೋದು ಹೇಗಮ್ಮ?" ಎಂದಳು ಮಗಳು. ನ್ಯಾಯವಾದ ಪ್ರಶ್ನೆಯೇ. ನನ್ನಲ್ಲಿ ಉತ್ತರವಿರಲಿಲ್ಲ. "ಕಳ್ಳ ಬರುವುದು ಒಂದು ರಾತ್ರಿ, ಬಂದರೆ. ಇವನು ದಿನಾ ಮನೇಲಿರ್ತಾನೆ" ಎಂದಷ್ಟೇ ಹೇಳಿದೆ. ಅಳಿಯಂದಿರು ಬಹಳ ಹೊತ್ತು ತಟ್ಟೆ ನೋಡುತ್ತಿದ್ದರು. ಆಮೇಲೆ, "ಅತ್ತೆ ಹೇಳೋದು ಸರಿ" ಎಂದರು. ಅಂಕಿ ಒತ್ತಿ ತೆರೆಯುವ ಪುಟ್ಟ ಕಬ್ಬಿಣದ ಪೆಟ್ಟಿಗೆ ಬಂತು. ಗುಂಡುಗಳಿಗೆ ಬೇರೆ ಡಬ್ಬಿ, ಬೇರೆ ಕೋಣೆ. ರಿವಾಲ್ವರನ್ನು ಮನೆಯಿಂದ ಕಳಿಸಿಬಿಡಲಿ ಎಂದು ನನ್ನ ಮನಸ್ಸಿನಲ್ಲಿದ್ದದ್ದು ನಿಜ. ಅದು ಆಗಲಿಲ್ಲ. ಮನೆ ಅವರದು. ಪೆಟ್ಟಿಗೆಯಲ್ಲಿ ಏನಿದೆಯೆಂದು ಮಗಳೇ ಮಗುವಿಗೆ ನಿಜ ಹೇಳಿದಳು. ಎಲ್ಲಿಯಾದರೂ ಅಂಥದ್ದು ಕಂಡರೆ ಮುಟ್ಟದೆ ದೊಡ್ಡವರನ್ನು ಕರೆಯಬೇಕೆಂದು ಹೇಳಿಕೊಟ್ಟಳು.

ಮೇ ಕೊನೆಯ ವಾರ ಊರಿಗೆ ಬಂದೆ. ಮರುದಿನ ನಡುಮನೆಯ ಕಪಾಟು ತೆಗೆದು ನೋಡಿದೆ. ಆಯುಧಪೂಜೆಯ ಕುಂಕುಮ ಇನ್ನೂ ಅಂಟಿದ್ದ ಮಾವನವರ ಕೋವಿ, ಅದರ ಬುಡದಲ್ಲೇ ತೋಟೆಗಳ ಡಬ್ಬಿ, ಬೀಗವಿಲ್ಲದ ಬಾಗಿಲು. ಭಾವನವರ ಮೊಮ್ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಕಪಾಟಿಗೆ ಬೀಗ ಹಾಕಿಸಿ, ತೋಟೆಗಳನ್ನು ಅಟ್ಟದ ಟ್ರಂಕಿಗೆ ಸಾಗಿಸಿ, ಎರಡು ಬೀಗದ ಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಅಮೆರಿಕಕ್ಕೆ ಹೋಗಿ ಇದನ್ನೇ ಕಲಿತು ಬಂದೆಯಾ?" ಎಂದರು ಮನೆಯವರು.

"ಹೌದು, ಇದನ್ನೇ" ಎಂದೆ.